ಮನೆಗೆ ಹೊಸದಾಗಿ ಸೇರಿಸುವ ಕೋಣೆಗೆ ಫ್ಲೋರ್ ಹೀಟಿಂಗ್: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಹಳೇ ಮನೆಗೆ ಒಂದು ಕೋಣೆ ಸೇರಿಸುವವರಲ್ಲಿ ಬಹಳ ಮಂದಿಯ ಕಾರಣ ಒಂದೇ. ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಕೆಳಗೇ ಒಂದು ರೂಮು, ಅದಕ್ಕೆ ಅಂಟಿಕೊಂಡ ಬಾತ್‌ರೂಮು ಬೇಕು. ಹಿತ್ತಲಿನ ಜಾಗದಲ್ಲಿ ಅದನ್ನು ಕಟ್ಟಿಸಲು ಹೊರಡುತ್ತಾರೆ. ಆಗ ಹೊರದೇಶದಲ್ಲಿರುವ ಮಗನೋ ಮಗಳೋ ಫೋನು ಮಾಡಿ, ‘ಇಲ್ಲಿನ ಥರ ನೆಲ ಬೆಚ್ಚಗಿರೋ ಹಾಗೆ ಮಾಡಿಸಿ’ ಅನ್ನುತ್ತಾರೆ. ಅದೇ ಫ್ಲೋರ್ ಹೀಟಿಂಗ್, ಅಂದರೆ ನೆಲದಡಿ ಬಿಸಿನೀರಿನ ಪೈಪೋ ಕರೆಂಟಿನ ಕೇಬಲ್ಲೋ ಹಾಕಿ ನೆಲ ಬೆಚ್ಚಗಿಡುವುದು. ಅಲ್ಲಿಂದ ಪ್ರಶ್ನೆಗಳು ಶುರು. ಮನೆ ಕಟ್ಟಿಸುವ ಕೆಲಸದಲ್ಲಿರುವ ನನಗೆ ಜಾಸ್ತಿ ಬರುವ ಪ್ರಶ್ನೆಗಳಿವು. ನಾನು ಎಲ್ಲರಿಗೂ ಕೊಡುವ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ಮೈಸೂರಿನ ಚಳಿಗೆ ನಿಜವಾಗಲೂ ಇದು ಬೇಕಾ?

ಇಡೀ ಮನೆಗೆ ಬೇಡ. ನಮ್ಮೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 16 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಕೆಲವು ದಿನ 12–13ಕ್ಕೂ ಇಳಿಯುತ್ತದೆ. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಹೋಗಿಬಿಡುತ್ತದೆ. ಎರಡು, ಎರಡೂವರೆ ತಿಂಗಳ ಮಾಗಿ ಚಳಿಗೆ ಇಡೀ ಮನೆಯ ನೆಲದಡಿ ಪೈಪು ಹಾಕಿಸುವುದು ದುಡ್ಡು ದಂಡ.

ಆದರೆ ಒಂದು ಕೋಣೆಯ ಮಾತು ಬೇರೆ. ಎಪ್ಪತ್ತು ದಾಟಿದವರಿಗೆ ಕಾಲಿನ ರಕ್ತ ಸಂಚಾರ ಕಡಿಮೆ. ಮಂಡಿ ಹಿಡಿದುಕೊಳ್ಳುತ್ತದೆ. ಧನುರ್ಮಾಸದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸ್ನಾನ ಮಾಡಿ ಪೂಜೆಗೆ ಕೂರುವವರು ಬರಿಗಾಲಲ್ಲೇ ಓಡಾಡುತ್ತಾರೆ. ರಾತ್ರಿ ಎರಡು ಮೂರು ಸಲ ಬಾತ್‌ರೂಮಿಗೆ ಏಳುವವರೂ ಅಷ್ಟೇ. ಅಂಥವರ ಕೋಣೆಯಲ್ಲಿ, ಅವರು ಕಾಲಿಡುವ ಜಾಗಕ್ಕೆ ಮಾತ್ರ ಹೀಟಿಂಗ್ ಹಾಕಿಸುವುದು ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಚಳಿ ಇಷ್ಟೇ ಇದ್ದರೂ ನೆಲ ಯಾಕೆ ಅಷ್ಟು ಕೊರೆಯುತ್ತದೆ?

ನೆಲಕ್ಕೆ ಏನು ಹಾಸಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಗ್ರಾನೈಟು ಮರಕ್ಕಿಂತ ಹತ್ತು ಹದಿನೈದು ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಕೋಣೆಯಲ್ಲಿ ಮರದ ಮಣೆ, ಗ್ರಾನೈಟು ಎರಡೂ 20 ಡಿಗ್ರಿಯಲ್ಲೇ ಇರಬಹುದು. ಮಣೆಯ ಮೇಲೆ ಕಾಲಿಟ್ಟರೆ ಏನೂ ಅನ್ನಿಸುವುದಿಲ್ಲ. ಗ್ರಾನೈಟು ಅಂಗಾಲಿನ ಬಿಸಿಯನ್ನು ಒಂದೇ ಸಮನೆ ಎಳೆದುಕೊಳ್ಳುತ್ತದೆ, ಅದಕ್ಕೇ ಕೊರೆಯುತ್ತದೆ.

ಆದ್ದರಿಂದ ಹೀಟಿಂಗ್ ಲೆಕ್ಕ ಹಾಕುವ ಮುಂಚೆ ಹಾಸಿಗೆ ಪಕ್ಕ ಒಂದು ದಪ್ಪ ಜಮಖಾನ ಹಾಸಿ, ಅಮ್ಮನಿಗೆ ಹತ್ತಿಯ ಕಾಲುಚೀಲ ಕೊಟ್ಟು ಒಂದು ವಾರ ನೋಡಿ. ಅಷ್ಟರಲ್ಲೇ ಮುಗಿಯುವ ಮನೆಗಳೂ ಇವೆ. ಜಮಖಾನದ ಅಂಚಿಗೆ ಕಾಲು ತಗುಲಿ ಬೀಳದ ಹಾಗೆ ಅಡಿಯಲ್ಲಿ ರಬ್ಬರ್ ಮ್ಯಾಟ್ ಇರಲಿ.

ನಮ್ಮದು ಮಂಡ್ಯ, ನಾಲೆ ಬಯಲಿನ ಲೇಔಟು. ನೆಲ ಯಾವಾಗಲೂ ಶೀತ. ಹೀಟಿಂಗ್ ಹಾಕಿದರೆ ಸರಿಹೋಗುತ್ತದಾ?

ಇಲ್ಲ. ದಯವಿಟ್ಟು ಈ ಉತ್ತರವನ್ನು ಪೂರ್ತಿ ಓದಿ.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಗದ್ದೆಗಳೇ ಬಡಾವಣೆಗಳಾಗಿವೆ. ಪಕ್ಕದ ಗದ್ದೆಗೆ ನೀರು ಬಿಟ್ಟಾಗ ಮಣ್ಣಿನ ತೇವ ಮೇಲೇರುತ್ತದೆ. ಪಾಯದ ಒಳಗೆ ತುಂಬಿದ ಮಣ್ಣು, ಕಾಂಕ್ರೀಟು, ಗಾರೆ ಎಲ್ಲವೂ ಅದನ್ನು ಹೀರಿಕೊಂಡು ಮೇಲಕ್ಕೆ ತರುತ್ತವೆ. ಒದ್ದೆ ನೆಲ ಒಣ ನೆಲಕ್ಕಿಂತ ಜಾಸ್ತಿ ಶಾಖ ಎಳೆಯುತ್ತದೆ. ಅದರ ಮೇಲೆ ಹೀಟಿಂಗ್ ಹಾಕಿದರೆ ನೀವು ಕೊಟ್ಟ ಕರೆಂಟು ಭೂಮಿಯನ್ನು ಬಿಸಿ ಮಾಡಲು ಹೋಗುತ್ತದೆ. ತೇವ ಇನ್ನೂ ಜೋರಾಗಿ ಮೇಲೆ ಬಂದು ಟೈಲ್ಸಿನ ಸಂದಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ.

ಹೊಸ ಕೋಣೆ ಆದ್ದರಿಂದ ಇದನ್ನು ಬುಡದಿಂದಲೇ ಸರಿಮಾಡಬಹುದು. ತುಂಬಿದ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿಸಿ. ಗೆದ್ದಲು ಔಷಧಿ ಹೊಡೆಸಿ. ಅದರ ಮೇಲೆ ಸೋಲಿಂಗ್, ಅಂದರೆ ದಪ್ಪ ಕಲ್ಲು ಜೋಡಿಸಿದ ಪದರ, ಆರರಿಂದ ಒಂಬತ್ತು ಇಂಚು. ದೊಡ್ಡ ಕಲ್ಲುಗಳ ನಡುವಿನ ಸಂದಿ ತೇವವನ್ನು ಅಲ್ಲೇ ತಡೆಯುತ್ತದೆ. ಮೇಲೆ ತೆಳುವಾಗಿ ಮರಳು ಹರಡಿ 250 ಮೈಕ್ರಾನ್ ಪಾಲಿಥಿನ್ ಶೀಟು ಹಾಸಿ. ಅಂಗಡಿಯಲ್ಲಿ ಸಾವಿರ ಗೇಜ್ ಅಂತ ಕೇಳಿದರೆ ಇದೇ ಕೊಡುತ್ತಾರೆ. ಶೀಟು ಸೇರುವ ಕಡೆ ಒಂದಡಿ ಒಂದರ ಮೇಲೊಂದು ಬರಲಿ. ಗೋಡೆಯ ಕಡೆ ಮಡಚಿ ಮೇಲಕ್ಕೆ ಏರಿಸಿ. ಆಮೇಲೆ ಬೆಡ್ ಕಾಂಕ್ರೀಟು. ಮಂಡ್ಯದ ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದ ಮೇಲೆ ಹೀಟಿಂಗಿನ ಮಾತೇ ಬರುವುದಿಲ್ಲ.

ಎಷ್ಟು ಬಗೆ ಇದೆ?

ಎರಡು. ಒಂದು, ನೀರಿನದ್ದು. ಪೆಕ್ಸ್ ಪೈಪನ್ನು (ಬಿಸಿನೀರು ತಡೆಯುವ, ಬಗ್ಗುವ ಪ್ಲಾಸ್ಟಿಕ್ ಪೈಪು) ನೆಲದಡಿ ಆರರಿಂದ ಹನ್ನೆರಡು ಇಂಚಿಗೊಂದು ಸಾಲಿನಂತೆ ಸುತ್ತಿ, ಅದರಲ್ಲಿ 35–45 ಡಿಗ್ರಿ ಬಿಸಿನೀರು ಹರಿಸುತ್ತಾರೆ. ಪಂಪು, ಒಂದೊಂದು ಸುತ್ತಿಗೂ ನೀರು ಹಂಚುವ ಮ್ಯಾನಿಫೋಲ್ಡು, ಬಿಸಿ ತಣ್ಣೀರು ಬೆರೆಸುವ ವಾಲ್ವು, ನೀರು ಕಾಯಿಸುವ ಯಂತ್ರ ಎಲ್ಲ ಬೇಕು. 16 ಮಿ.ಮೀ. ಪೈಪಾದರೆ ಒಂದು ಸುತ್ತು 80–100 ಮೀಟರ್ ದಾಟಬಾರದು. ದಾಟಿದರೆ ಕೊನೆಗೆ ಬರುವ ಹೊತ್ತಿಗೆ ನೀರು ತಣ್ಣಗಾಗಿರುತ್ತದೆ, ಪಂಪಿಗೂ ಭಾರ. ನೆಲದೊಳಗೆ ಪೈಪಿಗೆ ಜಾಯಿಂಟ್ ಇರಲೇಬಾರದು.

ಇನ್ನೊಂದು, ಕರೆಂಟಿನದ್ದು. ಬಲೆಯಂಥ ಮ್ಯಾಟಿಗೆ ಹೀಟಿಂಗ್ ಕೇಬಲ್ ಹೊಲಿದಿರುತ್ತಾರೆ. ಮೂರು ನಾಲ್ಕು ಮಿ.ಮೀ. ದಪ್ಪ. ಟೈಲ್ಸ್ ಅಂಟಿನ ಪದರದಲ್ಲೇ ಕೂರುತ್ತದೆ. ಚದರ ಮೀಟರಿಗೆ 100ರಿಂದ 200 ವ್ಯಾಟ್ ವರೆಗೆ ಸಿಗುತ್ತದೆ. ನಮಗೆ 150 ಧಾರಾಳ.

ನಮಗೆ ಯಾವುದು ಸರಿ?

ಮೈಸೂರು, ಮಂಡ್ಯದಲ್ಲಿ ಒಂದು ಕೋಣೆಗೆ ಕರೆಂಟಿನ ಮ್ಯಾಟು. ಇದರಲ್ಲಿ ನನಗೆ ಅನುಮಾನವಿಲ್ಲ. ಊಟಿಯಲ್ಲಿ ಮನೆ ಕಟ್ಟಿಸುತ್ತಿದ್ದೀರಾ, ಇಡೀ ಮನೆಗೆ, ವರ್ಷದ ಬಹುಪಾಲು ಬೇಕಾ, ಆಗ ಹೀಟ್ ಪಂಪಿನ (ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಯಂತ್ರ) ಜೊತೆ ನೀರಿನ ವ್ಯವಸ್ಥೆ ಲೆಕ್ಕಕ್ಕೆ ಬರುತ್ತದೆ. ಹೀಟ್ ಪಂಪು ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ನಮ್ಮ ಎರಡು ತಿಂಗಳ ಚಳಿಯಲ್ಲಿ ಆ ಯಂತ್ರದ ಬೆಲೆ ವಾಪಸು ಬರುವುದಿಲ್ಲ.

ಮಾಳಿಗೆ ಮೇಲೆ ಸೋಲಾರ್ ಇದೆಯಲ್ಲ, ಅದರ ಬಿಸಿನೀರನ್ನೇ ನೆಲಕ್ಕೆ ಬಿಟ್ಟರೆ?

ಬಹಳ ಜನ ಇದನ್ನು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 200 ಲೀಟರ್ ಟ್ಯಾಂಕಿನ ನೀರು 60 ಡಿಗ್ರಿಯಿಂದ 35ಕ್ಕೆ ಇಳಿಯುವಷ್ಟರಲ್ಲಿ ಕೊಡುವ ಶಾಖ ಸುಮಾರು 5.8 ಯೂನಿಟ್. ಒಂದು ಸಣ್ಣ ಕೋಣೆಯ ನೆಲಕ್ಕೆ ಒಂದು ರಾತ್ರಿಗೆ ಇದು ಸಾಕು. ಆದರೆ ಬೆಳಿಗ್ಗೆ ಸ್ನಾನಕ್ಕೆ ನೀರಿರುವುದಿಲ್ಲ. ಮೋಡ ಕವಿದ ದಿನ ಎರಡಕ್ಕೂ ಇರುವುದಿಲ್ಲ, ಮೋಡದ ದಿನವೇ ಮನೆಯವರಿಗೆ ಚಳಿ ಜಾಸ್ತಿ.

ಇನ್ನೂ ಒಂದು ತೊಂದರೆ. ಸ್ನಾನದ ನೀರು, ನೆಲದ ನೀರು ಬೆರೆಯಬಾರದು. ತಿಂಗಳುಗಟ್ಟಲೆ ಪೈಪಿನಲ್ಲಿ ನಿಂತು ಉಗುರುಬೆಚ್ಚಗಾದ ನೀರಿನಲ್ಲಿ ರೋಗಾಣು ಬೆಳೆಯುತ್ತವೆ. ಬೋರ್‌ವೆಲ್ ನೀರಾದರೆ ಸುಣ್ಣ ಕಟ್ಟುತ್ತದೆ. ಹಾಗಾಗಿ ನಡುವೆ, ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಹಾಕಿ ನೆಲದ ನೀರನ್ನು ಬೇರೆ ಸುತ್ತಿನಲ್ಲಿ ಮುಚ್ಚಿಡಬೇಕು. ಬಿಸಿಲಿನ ದಿನ ಸೋಲಾರ್ ನೀರು 70 ಡಿಗ್ರಿ ದಾಟುವುದರಿಂದ ಮಿಕ್ಸಿಂಗ್ ವಾಲ್ವೂ ಬೇಕು. ಹೊಸದಾಗಿ 300 ಲೀಟರಿನ ಇನ್ನೊಂದು ಸೋಲಾರ್ ಹಾಕಿಸುವ ಮನಸ್ಸು, ಜಾಗ ಎರಡೂ ಇದ್ದರೆ ಮಾಡಿ. ಇರುವುದಕ್ಕೇ ಸುಮ್ನೆ ಒಂದು ಪೈಪು ಜೋಡಿಸುತ್ತೇನೆ ಅನ್ನುವ ಪ್ಲಂಬರ್ ಮಾತು ಕೇಳಬೇಡಿ.

ಹೊಸ ಕೋಣೆಯ ನೆಲ ಹಳೇ ಮನೆಗಿಂತ ಎತ್ತರ ಆಗುವುದಿಲ್ಲವಾ?

ಮೊದಲೇ ಲೆಕ್ಕ ಹಾಕದಿದ್ದರೆ ಆಗುತ್ತದೆ. ವಯಸ್ಸಾದವರ ಕೋಣೆಗೆ ಒಂದಿಂಚಿನ ಮೆಟ್ಟಿಲೂ ಅಪಾಯ.

ಕೆಳಗಿನಿಂದ ಕೂಡಿಸಿ ನೋಡಿ. ಬೆಡ್ ಕಾಂಕ್ರೀಟಿನ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ ಇನ್ಸುಲೇಷನ್ ಬೋರ್ಡು, ಅಂದರೆ ಶಾಖ ಕೆಳಗಿಳಿಯದಂತೆ ತಡೆಯುವ ಗಟ್ಟಿ ಫೋಮ್ ಹಲಗೆ. ಅದರ ಮೇಲೆ 50 ಮಿ.ಮೀ. ಸ್ಕ್ರೀಡ್, ಅಂದರೆ ಸಿಮೆಂಟ್ ಗಾರೆಯ ಪದರ. ನೀರಿನ ಪೈಪಾದರೆ ಸ್ಕ್ರೀಡ್ 65ರಿಂದ 75. ಮೇಲೆ ಅಂಟು, ಮ್ಯಾಟು, ಟೈಲ್ಸು ಸೇರಿ 20. ಒಟ್ಟು ಹತ್ತಿರ ಐದು ಇಂಚು. ಹೊಸ ಕೋಣೆಯ ಬೆಡ್ ಕಾಂಕ್ರೀಟನ್ನು ಹಳೇ ನೆಲದ ಮಟ್ಟಕ್ಕಿಂತ ಅಷ್ಟು ಕೆಳಗೆ ನಿಲ್ಲಿಸಿದರೆ ಹೊಸ್ತಿಲ ಎರಡೂ ಕಡೆ ನೆಲ ಸಮ ಬರುತ್ತದೆ. ಇದನ್ನು ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಸಾಲದು. ಹಳೇ ಮನೆಯ ನೆಲದ ಮಟ್ಟವನ್ನು ನೀರಿನ ಟ್ಯೂಬಿನಿಂದ ಹೊಸ ಗೋಡೆಗೆ ತಂದು, ಅಲ್ಲಿಂದ ಕೆಳಕ್ಕೆ ಅಳೆದು ಗೆರೆ ಹಾಕಿಸಿ.

ಇನ್ಸುಲೇಷನ್ ಬಿಟ್ಟುಬಿಡೋಣ, ಎರಡಿಂಚು ಉಳಿಯುತ್ತೆ ಅಂತ ಕೆಲವರು ಹೇಳುತ್ತಾರೆ. ಬಿಡಬೇಡಿ. ಇಡೀ ವ್ಯವಸ್ಥೆಯಲ್ಲಿ ನಿಮ್ಮ ಬಿಲ್ಲನ್ನು ತೀರ್ಮಾನ ಮಾಡುವುದು ಆ ಬೋರ್ಡೇ. ಪ್ಯಾಕಿಂಗಿಗೆ ಬರುವ ಮಾಮೂಲಿ ಥರ್ಮಾಕೋಲ್ ನಡೆಯುವುದಿಲ್ಲ, ಅದು ಭಾರಕ್ಕೆ ಅದುಮಿ ಟೈಲ್ಸು ಬಿರುಕು ಬಿಡುತ್ತದೆ. ಗೋಡೆಯ ಸುತ್ತ ಅಂಚಿಗೂ 8–10 ಮಿ.ಮೀ. ಫೋಮ್ ಪಟ್ಟಿ ಹಾಕಿಸಿ. ಬಿಸಿಯಾದಾಗ ಸ್ಕ್ರೀಡ್ ಹಿಗ್ಗಲು ಅದು ಜಾಗ ಕೊಡುತ್ತದೆ.

ಹಳೇ ಹಾಲ್‌ಗೂ ಹೊಸ ರೂಮಿಗೂ ಒಂದೇ ಮ್ಯಾಟು ಎಳೆಯಬಹುದಾ?

ಬೇಡ. ಹಳೇ ಪಾಯ ಕೂತು ವರ್ಷಗಳಾಗಿವೆ. ಹೊಸದು ಇನ್ನೂ ಒಂದೆರಡು ಮಳೆಗಾಲ ಅಲ್ಪಸ್ವಲ್ಪ ಕೂರುತ್ತದೆ. ಎರಡೂ ಸೇರುವ ಗೆರೆಯಲ್ಲಿ ಕೂದಲೆಳೆ ಬಿರುಕು ಬಂದೇ ಬರುತ್ತದೆ. ಕೇಬಲ್ ಆ ಗೆರೆ ದಾಟಿದರೆ ಅಲ್ಲೇ ಎಳೆತ ಬೀಳುತ್ತದೆ. ಎರಡು ಕಡೆಗೂ ಬೇಕಾದರೆ ಎರಡು ಮ್ಯಾಟು, ಎರಡು ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ತಾನೇ ಆನ್, ಆಫ್ ಮಾಡುವ ಸ್ವಿಚ್ಚು). ನೀರಿನ ಪೈಪು ದಾಟಲೇಬೇಕಾದರೆ ಆ ಜಾಗದಲ್ಲಿ ಇನ್ನೊಂದು ದೊಡ್ಡ ಪೈಪಿನೊಳಗೆ ಹೋಗಲಿ.

ಕರೆಂಟ್ ಬಿಲ್ ಎಷ್ಟು ಬರುತ್ತದೆ? ಗೃಹಜ್ಯೋತಿ ಹೋಗುತ್ತದಾ?

ಲೆಕ್ಕ ಮಾಡಿ ನೋಡೋಣ. 10×14 ಅಡಿ ಕೋಣೆ ಅಂದರೆ 13 ಚದರ ಮೀಟರ್. ಮಂಚ, ಬೀರು ಕಳೆದು 8 ಚದರ ಮೀಟರಿಗೆ ಮ್ಯಾಟು ಹಾಕಿದಿರಿ ಅನ್ನಿ. 150 ವ್ಯಾಟಿನಂತೆ 1.2 ಕಿಲೋವ್ಯಾಟ್. ಬೆಳಿಗ್ಗೆ ನಾಲ್ಕರಿಂದ ಎಂಟು, ಸಂಜೆ ಏಳರಿಂದ ಹತ್ತು, ದಿನಕ್ಕೆ ಏಳು ಗಂಟೆ. ನೆಲ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಆಗಾಗ ಆಫ್ ಮಾಡುತ್ತದೆ. ಅರ್ಧ ಹೊತ್ತು ಉರಿಯುತ್ತದೆ ಅಂತಿಟ್ಟುಕೊಂಡರೆ ದಿನಕ್ಕೆ 4.2 ಯೂನಿಟ್, ತಿಂಗಳಿಗೆ 126. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ 750 ರೂಪಾಯಿ.

ಈ 750 ನೋಡಿ ಸಮಾಧಾನ ಪಡಬೇಡಿ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು. 200ರೊಳಗಿದ್ದು, ನಿಮಗೆ ನಿಗದಿಯಾದ ಉಚಿತ ಯೂನಿಟ್‌ಗಿಂತ ಜಾಸ್ತಿ ಆದರೆ, ಜಾಸ್ತಿಯಾದಷ್ಟಕ್ಕೆ ಮಾತ್ರ ದುಡ್ಡು. ಈಗ ತಿಂಗಳಿಗೆ 90 ಯೂನಿಟ್ ಉರಿಸುವ ಮನೆಗೆ ಈ 126 ಸೇರಿದರೆ 216. ಗೆರೆ ದಾಟಿತು, 216ಕ್ಕೂ ದುಡ್ಡು.

ಅದಕ್ಕೇ ನಾನು ಮ್ಯಾಟನ್ನು ಚಿಕ್ಕದು ಮಾಡಿಸುತ್ತೇನೆ. ಮಂಚದ ಪಕ್ಕ, ಅಲ್ಲಿಂದ ಬಾತ್‌ರೂಮಿನ ಬಾಗಿಲವರೆಗೆ, ಕುರ್ಚಿಯ ಮುಂದೆ. ಒಟ್ಟು 3 ಚದರ ಮೀಟರ್, 450 ವ್ಯಾಟ್. ಅದೇ ಲೆಕ್ಕದಲ್ಲಿ ತಿಂಗಳಿಗೆ 47 ಯೂನಿಟ್ ಆಸುಪಾಸು. 90ಕ್ಕೆ ಸೇರಿಸಿದರೂ 140ರೊಳಗೆ. ಕೋಣೆಯ ಗಾಳಿ ಇದರಿಂದ ಬಿಸಿಯಾಗುವುದಿಲ್ಲ ನಿಜ. ಆದರೆ ಮೈಸೂರಿನಲ್ಲಿ ಗಾಳಿಗಿಂತ ಅಂಗಾಲಿಗೇ ಚಳಿ ಜಾಸ್ತಿ, ಅಲ್ವಾ? ಗಾಳಿಗೆ ಸ್ವೆಟರ್ ಇದೆ.

ವೈರಿಂಗ್‌ಗೆ ಏನು ಹೇಳಬೇಕು?

ಡಿಬಿಯಿಂದ (ಮನೆಯ ಲೈನುಗಳೆಲ್ಲ ಹೊರಡುವ ಪೆಟ್ಟಿಗೆ) ಪ್ರತ್ಯೇಕ ಲೈನು, 2.5 ಚದರ ಮಿ.ಮೀ. ತಾಮ್ರದ ವೈರು, ತನ್ನದೇ ಎಂಸಿಬಿ (ಲೋಡು ಮೀರಿದರೆ ಬೀಳುವ ಸ್ವಿಚ್ಚು), 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು). ಒಳ್ಳೆಯ ಅರ್ಥಿಂಗ್. ಯುಪಿಎಸ್ ಲೈನಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ, ಬ್ಯಾಟರಿ ಬೇಗ ಇಳಿದುಹೋಗುತ್ತದೆ. ದೊಡ್ಡ ಮ್ಯಾಟು ಹಾಕಿದರೆ ನಮ್ಮ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ನಿಮ್ಮ ಮಂಜೂರಾದ ಲೋಡು ಎಷ್ಟಿದೆ ನೋಡಿಕೊಳ್ಳಿ. ಲೋಡು ಏರಿಸಿದರೆ ತಿಂಗಳ ನಿಗದಿತ ಶುಲ್ಕ ವರ್ಷವಿಡೀ ಏರುತ್ತದೆ, ಬೇಸಿಗೆಯಲ್ಲೂ ಕಟ್ಟಬೇಕು.

ದಿನಾ ನೀರು ಹಾಕಿ ನೆಲ ಒರೆಸುತ್ತೇವೆ. ಶಾಕ್ ಹೊಡೆಯುವುದಿಲ್ಲವಾ?

ಕೇಬಲ್ಲಿನ ಸುತ್ತ ಲೋಹದ ಕವಚವಿದೆ, ಅದಕ್ಕೆ ಅರ್ಥ್ ಕೊಟ್ಟಿರುತ್ತಾರೆ. ಅದರ ಮೇಲೆ ನೀರು ಹೋಗದ ಹೊದಿಕೆ. ಎಲ್ಲಾದರೂ ಸೋರಿಕೆಯಾದರೆ ಆರ್‌ಸಿಸಿಬಿ ಕ್ಷಣದಲ್ಲಿ ಬೀಳುತ್ತದೆ. ಮೇಲೆ ಹೇಳಿದ ಹಾಗೆ ವೈರಿಂಗ್ ಆಗಿದ್ದರೆ ಬಕೆಟ್ ನೀರು ಸುರಿದರೂ ಭಯವಿಲ್ಲ. ಭಯ ಪಡಬೇಕಾದ್ದು ಡ್ರಿಲ್ಲಿಂಗ್ ಯಂತ್ರಕ್ಕೆ. ಡೋರ್ ಸ್ಟಾಪರ್ ಹಾಕಲು ನೆಲಕ್ಕೆ ತೂತು ಕೊರೆದರೆ ಕೇಬಲ್ ಹೋಯಿತು.

ಅಪ್ಪ ನೆಲದ ಮೇಲೇ ಹಾಸಿಗೆ ಹಾಕಿಕೊಂಡು ಮಲಗುತ್ತಾರೆ. ಪರವಾಗಿಲ್ಲವಾ?

ಇಲ್ಲ, ಅದರಿಂದ ತೊಂದರೆಯಿದೆ. ಹೊರದೇಶದ ಸೂಚನೆ ಪುಸ್ತಕಗಳು ಎಲ್ಲರೂ ಮಂಚದ ಮೇಲೆ ಮಲಗುತ್ತಾರೆ ಅಂದುಕೊಂಡು ಬರೆದಂಥವು, ಹಾಗಾಗಿ ಈ ವಿಷಯಕ್ಕೆ ನಾನು ಜಾಸ್ತಿ ಒತ್ತು ಕೊಡುತ್ತೇನೆ. ಹತ್ತಿಯ ಹಾಸಿಗೆ ಹಾಸಿದ ಕಡೆ ಶಾಖ ಮೇಲಕ್ಕೆ ಹೋಗದೆ ಅಲ್ಲೇ ಕೂಡುತ್ತದೆ. ನೆಲದ ಬಿಸಿ ಅಳೆಯುವ ಸೆನ್ಸರ್ ಬೇರೆ ಕಡೆ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಉರಿಸುತ್ತಲೇ ಇರುತ್ತದೆ. ಹಾಸಿಗೆಯ ಅಡಿ ಬಿಸಿ ಏರುತ್ತಾ ಹೋಗುತ್ತದೆ, ಟೈಲ್ಸು, ಕೇಬಲ್ ಕೂಡ ಹಾಳಾಗಬಹುದು. ಅವರು ಮಲಗುವ ಜಾಗ ಯಾವುದು ಅಂತ ಮೊದಲೇ ಕೇಳಿ, ಅಲ್ಲಿ ಮ್ಯಾಟು ಹಾಕಿಸಲೇಬೇಡಿ. ಹಾಸಿಗೆಯಿಂದ ಎದ್ದು ಕಾಲಿಡುವ ಕಡೆ ಹಾಕಿಸಿ.

ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ತಿಳಿಯುವುದಿಲ್ಲ. ಓಡಾಡುವ ಕೋಣೆಗೆ ನೆಲದ ಮೇಲ್ಮೈ 29 ಡಿಗ್ರಿ ಮೀರಬಾರದು, ಬಾತ್‌ರೂಮಿಗೆ 33 ಅನ್ನುವುದು ಯುರೋಪಿನ ಇಎನ್ 1264 ಮಾನದಂಡ. ಇಂಥವರ ಕೋಣೆಗೆ 26–27ಕ್ಕೆ ಇಟ್ಟು ಥರ್ಮೋಸ್ಟಾಟಿಗೆ ಲಾಕ್ ಹಾಕಿ. 26 ಅಂದರೆ ಮುಟ್ಟಿದರೆ ಬಿಸಿ ಅನ್ನಿಸುವುದಿಲ್ಲ, ಕೊರೆಯುವುದೂ ಇಲ್ಲ. ನಮಗೆ ಬೇಕಾದ್ದು ಅಷ್ಟೇ.

ಮೇಲೆ ಏನು ಹಾಸಿದರೆ ಒಳ್ಳೆಯದು?

ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಕಡಪ ಎಲ್ಲ ಒಳ್ಳೆಯದೇ. ಚಳಿಯಲ್ಲಿ ಕೊರೆಯುವ ಕಲ್ಲೇ ಹೀಟಿಂಗ್ ಬಂದ ಮೇಲೆ ಬೇಗ ಬೆಚ್ಚಗಾಗುತ್ತದೆ. ಟೈಲ್ಸನ್ನು ಬರೀ ಸಿಮೆಂಟ್ ಹಾಲಿನಲ್ಲಿ ಅಂಟಿಸಬಾರದು. ಸ್ವಲ್ಪ ಬಗ್ಗುವ ಗುಣದ ಪಾಲಿಮರ್ ಅಂಟು ಬೇಕು. ಮರದ ನೆಲಕ್ಕೆ 27 ಡಿಗ್ರಿಯೇ ಮಿತಿ. ರೆಡ್ ಆಕ್ಸೈಡ್ ನೆಲ ನನಗೂ ಬಹಳ ಇಷ್ಟ, ಆದರೆ ಆ ತೆಳು ಪದರ ಹಿಗ್ಗಿ ಕುಗ್ಗಿ ಬಲೆ ಬಲೆಯಾಗಿ ಬಿರುಕು ಬಿಡುತ್ತದೆ. ರೆಡ್ ಆಕ್ಸೈಡ್ ಬೇಕೇಬೇಕು ಅನ್ನುವವರು ಹೀಟಿಂಗ್ ಬಿಟ್ಟು ಇನ್ಸುಲೇಷನ್ ಮಾತ್ರ ಹಾಕಿಸಿ.

ಹಾಕುವ ದಿನ ನಾನು ಏನು ನೋಡಬೇಕು?

ಓಮ್ ಮೀಟರು, ಮೆಗ್ಗರು (ಕೇಬಲ್ಲಿನ ಹೊದಿಕೆ ಹರಿದಿಲ್ಲವೇ ಅಂತ ನೋಡುವ ಮೀಟರು) ತರಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಮ್ಯಾಟು ಬಿಚ್ಚಿದಾಗ ಒಂದು ಸಲ, ಹಾಸಿದ ಮೇಲೆ ಒಂದು ಸಲ, ಟೈಲ್ಸು ಮುಗಿದ ಮೇಲೆ ಒಂದು ಸಲ ಅಳೆಯಬೇಕು. 450 ವ್ಯಾಟಿನ ಮ್ಯಾಟಿಗೆ 230 ವೋಲ್ಟಿನಲ್ಲಿ ಸುಮಾರು 118 ಓಮ್ ಬರಬೇಕು. ಡಬ್ಬದ ಮೇಲೂ ಬರೆದಿರುತ್ತದೆ. ಜಾಗಕ್ಕೆ ಹೊಂದಿಸಲು ಬಲೆಯನ್ನು ಕತ್ತರಿಸಬಹುದು, ಹೀಟಿಂಗ್ ಕೇಬಲ್ಲನ್ನು ಕತ್ತರಿಸಬಾರದು. ಒಂದರ ಮೇಲೊಂದು ಹಾಯಲೂಬಾರದು. ಸೆನ್ಸರನ್ನು ಎರಡು ಕೇಬಲ್ ಸಾಲಿನ ನಡುವೆ, ತುದಿ ಮುಚ್ಚಿದ ಸಣ್ಣ ಕಂಡ್ಯುಟ್ ಒಳಗೆ ಇಡಿಸಿ. ಮುಂದೆ ಕೆಟ್ಟರೆ ಎಳೆದು ಬೇರೆ ಹಾಕಬಹುದು.

ನೀರಿನ ಪೈಪಾದರೆ ಒತ್ತಡ ತುಂಬಿ ಗೇಜು ನೋಡಿ, ಒತ್ತಡ ಹಾಗೇ ಇರುವಾಗಲೇ ಸ್ಕ್ರೀಡ್ ಸುರಿಯಬೇಕು. ಕರಣೆ ತಗುಲಿ ತೂತಾದರೆ ಮುಳ್ಳು ಇಳಿದದ್ದು ಆಗಲೇ ಕಾಣುತ್ತದೆ.

ಗೃಹಪ್ರವೇಶದ ದಿನವೇ ಆನ್ ಮಾಡಬಹುದಾ?

ಗಾರೆ ಬೇಗ ಒಣಗಲಿ ಅಂತ ಮಾತ್ರ ಆನ್ ಮಾಡಬೇಡಿ. ಕ್ಯೂರಿಂಗ್ ನೀರಿನಲ್ಲೇ ಆಗಬೇಕು. ಸಿಮೆಂಟ್ ಸ್ಕ್ರೀಡಿಗೆ ಕಡಿಮೆ ಅಂದರೆ 21 ದಿನ. ನೀರಿನ ವ್ಯವಸ್ಥೆಯಾದರೆ ಮೊದಲ ಮೂರು ದಿನ 25 ಡಿಗ್ರಿ ನೀರು, ಆಮೇಲೆ ನಾಲ್ಕು ದಿನ ಪೂರ್ತಿ ಬಿಸಿ, ಹೀಗೆ ಅಭ್ಯಾಸ ಮಾಡಿಸುತ್ತಾರೆ. ಹೋಮದ ಕುಂಡವನ್ನು ಆ ಕೋಣೆಯಲ್ಲಿ ಇಡಬೇಡಿ. ಇಟ್ಟಿಗೆ, ಮರಳು ಹಾಕಿದರೂ ಗಂಟೆಗಟ್ಟಲೆ ಉರಿದ ಕೆಂಡದ ಶಾಖ ಕೆಳಗಿಳಿಯುತ್ತದೆ. ಹಾಲ್‌ನಲ್ಲಿ ಮಾಡಿಸಿ.

ಮಹಡಿ ಮೇಲೆ ಕೋಣೆ ಸೇರಿಸುತ್ತಿದ್ದೇವೆ.

50 ಮಿ.ಮೀ. ಸ್ಕ್ರೀಡ್ ಅಂದರೆ ಚದರ ಮೀಟರಿಗೆ 100 ಕಿಲೋಗೂ ಮೇಲೆ ಭಾರ. ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪದೆ ಹಾಕಬೇಡಿ. ಮಹಡಿಯ ನೆಲಕ್ಕೆ ಮಣ್ಣಿನ ಶೀತವೂ ಇರುವುದಿಲ್ಲ. ಅದೇ ದುಡ್ಡಿನಲ್ಲಿ ಚಾವಣಿಗೆ ಇನ್ಸುಲೇಷನ್ ಮಾಡಿಸಿ, ಏಪ್ರಿಲ್‌ನಲ್ಲೂ ಉಪಕಾರವಾಗುತ್ತದೆ.

ಅದೇ ಪೈಪಿನಲ್ಲಿ ಬೇಸಿಗೆಗೆ ತಣ್ಣೀರು ಬಿಟ್ಟರೆ ಕೋಣೆ ತಂಪಾಗುತ್ತದಾ?

ಆಗುತ್ತದೆ. ಇನ್ಫೋಸಿಸ್‌ನವರ ಹೈದರಾಬಾದ್ ಪೋಚಾರಂ ಕ್ಯಾಂಪಸ್ಸಿನ ಒಂದು ಕಟ್ಟಡದಲ್ಲಿ ಅರ್ಧಕ್ಕೆ ಇಂಥ ರೇಡಿಯಂಟ್ ಕೂಲಿಂಗ್, ಇನ್ನರ್ಧಕ್ಕೆ ಮಾಮೂಲಿ ಎಸಿ ಹಾಕಿ ಹೋಲಿಸಿ ನೋಡಿದ್ದಾರೆ. ರೇಡಿಯಂಟ್ ಕಡೆ ಕರೆಂಟು ಗಣನೀಯವಾಗಿ ಕಡಿಮೆ ಆಯಿತು. ಆದರೆ ಅಲ್ಲಿ ಗಾಳಿಯ ತೇವ ತೆಗೆಯುವ ಯಂತ್ರವೂ ಇದೆ. ಮನೆಯಲ್ಲಿ ಅದಿಲ್ಲದೆ ಮಾಡಿದರೆ ಮಳೆಗಾಲದಲ್ಲಿ ನೆಲ ಬೆವರುತ್ತದೆ, ವಯಸ್ಸಾದವರು ಜಾರುತ್ತಾರೆ. ಬೇಡ.

ಈಗ ದುಡ್ಡು ಸಾಲದು. ಮುಂದೆ ಹಾಕಿಸಬಹುದಾ?

ಮ್ಯಾಟು ಮುಂದೆ ಹಾಕಿಸಬಹುದು. ಇನ್ಸುಲೇಷನ್ ಮುಂದೆ ಹಾಕಲು ಆಗುವುದಿಲ್ಲ, ಇಡೀ ನೆಲ ಅಗೆಯಬೇಕು. ಆದ್ದರಿಂದ ಪಾಲಿಥಿನ್ ಶೀಟು, ಎಕ್ಸ್‌ಪಿಎಸ್ ಬೋರ್ಡು, ಅಂಚಿನ ಪಟ್ಟಿ ಈಗಲೇ ಹಾಕಿಸಿ. ಗೋಡೆಯಲ್ಲಿ ಥರ್ಮೋಸ್ಟಾಟ್ ಬಾಕ್ಸು, ಅಲ್ಲಿಂದ ನೆಲಕ್ಕೆ ಎರಡು ಖಾಲಿ ಕಂಡ್ಯುಟ್, ಡಿಬಿಯಿಂದ ಒಂದು ಲೈನು ಬಿಡಿಸಿ. ಒಂದು ಚಳಿಗಾಲ ಹಾಗೇ ಕಳೆಯಿರಿ. ಒಣಗಿದ, ಇನ್ಸುಲೇಷನ್ ಇರುವ ನೆಲ ಮೊದಲಿನಷ್ಟು ಕೊರೆಯುವುದಿಲ್ಲ. ಆಗಲೂ ಅಮ್ಮ ಚಳಿ ಅಂದರೆ, ಮೇಲಿನ ಟೈಲ್ಸಷ್ಟೇ ತೆಗೆದು ಮ್ಯಾಟು ಹಾಕಿಸಿ.

ಹತ್ತು ವರ್ಷದ ಮೇಲೆ ಕೆಟ್ಟರೆ ನೆಲ ಪೂರ್ತಿ ಒಡೆಯಬೇಕಾ?

ಬೇಕಾಗಿಲ್ಲ. ಮೊದಲು ಥರ್ಮೋಸ್ಟಾಟ್, ಆಮೇಲೆ ಸೆನ್ಸರ್ ನೋಡಿಸಿ, ಕೆಡುವುದು ಹೆಚ್ಚಾಗಿ ಅವೇ. ಕೇಬಲ್ಲೇ ಆದರೆ ಫಾಲ್ಟ್ ಲೊಕೇಟರ್, ಥರ್ಮಲ್ ಕ್ಯಾಮೆರಾ ಇಟ್ಟುಕೊಂಡವರು ತುಂಡಾದ ಜಾಗ ಹುಡುಕುತ್ತಾರೆ. ಒಂದೆರಡು ಟೈಲ್ಸು ತೆಗೆದು ಜೋಡಿಸಿದರೆ ಆಯಿತು. ಅದಕ್ಕೆ ಟೈಲ್ಸು ಹಾಕುವ ಮುಂಚೆ ಮ್ಯಾಟಿನ ಮೇಲೆ ಅಳತೆಯ ಟೇಪು ಹಾಸಿ, ಎರಡು ಗೋಡೆಯಿಂದ ದೂರ ಕಾಣುವ ಹಾಗೆ ಫೋಟೋ ತೆಗೆದಿಡಿ. ಮಿಕ್ಕ ಐದಾರು ಟೈಲ್ಸನ್ನೂ ಎತ್ತಿಡಿ, ಅದೇ ಬಣ್ಣ ಆಮೇಲೆ ಅಂಗಡಿಯಲ್ಲಿ ಸಿಗುವುದಿಲ್ಲ.